ಮುಚ್ಚಿದ ಕೋಣೆಯ ಗಾಳಿ

ಚಳಿಗಾಲದಲ್ಲಿ ಮೊದಲ ಸಲ ಹೀಟರ್ ಹಾಕುವಾಗ ಮನೆಯವರನ್ನೆಲ್ಲ ಹೊರಗೆ ಕಳಿಸಿ ಕಿಟಕಿಗಳನ್ನು ತೆರೆದಿಡಬೇಕು. ಬೇಸಿಗೆ ಪೂರ್ತಿ ಕಾಯಿಲುಗಳ ಮೇಲೆ ಕೂತ ಧೂಳು ಆಗ ಸುಡುತ್ತದೆ, ಮನೆ ತುಂಬ ಕೂದಲು ಸುಟ್ಟ ವಾಸನೆ ಏಳುತ್ತದೆ. ಇದನ್ನು ಹೇಳಿದರೆ ಊರಿನಲ್ಲಿರುವ ನನ್ನ ಭಾವ ಬಿದ್ದು ಬಿದ್ದು ನಗುತ್ತಾನೆ. "ಕುವೈತಿನಲ್ಲಿ ಹೀಟರಾ? ಬೊಗಳೆ ಬಿಡುವುದಕ್ಕೂ ಒಂದು ಮಿತಿ ಬೇಡವಾ ಮಾರಾಯ?" ಎನ್ನುತ್ತಾನೆ. ಅವನನ್ನು ಒಮ್ಮೆ ಜನವರಿಯ ಬೆಳಗ್ಗೆ ಇಲ್ಲಿಗೆ ಕರೆತಂದು, ಫಿಂಟಾಸ್ ಬಡಾವಣೆಯ ಯಾವುದಾದರೂ ತಾರಸಿಯ ಮೇಲೆ ಬನಿಯನ್ನಿನಲ್ಲಿ ನಿಲ್ಲಿಸಬೇಕೆಂದು ನನಗೆ ಬಹಳ ಆಸೆ. ಮರುಭೂಮಿಯ ಕಡೆಯಿಂದ ಬೀಸುವ ಗಾಳಿಗೆ ಸ್ಪಾನರ್ ಹಿಡಿದ ಬೆರಳು ಮರಗಟ್ಟುತ್ತದೆ. ಇಲ್ಲಿನವರು ಮನೆ ಕಟ್ಟುವುದು ಬೇಸಿಗೆಯನ್ನು ನೆನೆದು: ನೆಲಕ್ಕೆಲ್ಲ ಅಮೃತಶಿಲೆ, ಎತ್ತರದ ಛಾವಣಿ. ಚಳಿ ಒಮ್ಮೆ ಒಳಗೆ ಸೇರಿಕೊಂಡರೆ ಹೊರಡುವುದೇ ಇಲ್ಲ.

ನಾನು ಎಸಿ ಕೆಲಸದವನು. ಚಳಿ ಶುರುವಾಗುವ ಮೊದಲಿನ ಕೆಲವು ವಾರ ನಮಗೆ ಹೀಟರುಗಳದ್ದೇ ಕೆಲಸ. ಫಿಂಟಾಸಿನ ಆ ಮನೆಗೆ ನಾನು ಹೋದದ್ದು ಅಂಥ ಒಂದು ಬೆಳಗ್ಗೆ. ಮನೆಯ ಯಜಮಾನಿ ಎಪ್ಪತ್ತು ದಾಟಿದ ಹೆಂಗಸು. ಶ್ವಾಸಕೋಶದ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದವರು ಮರುದಿನ ಮನೆಗೆ ಬರುವವರಿದ್ದರು. ಅವರ ಹಿರಿಯ ಮಗ, ಹೆಚ್ಚುಕಡಿಮೆ ನನ್ನದೇ ವಯಸ್ಸಿನವರು, ಗೇಟಿನಲ್ಲೇ ನನಗಾಗಿ ಕಾಯುತ್ತಿದ್ದರು. ಅರಬ್ಬಿ, ಹಿಂದಿ ಎರಡನ್ನೂ ಬೆರೆಸಿ ಅವರು ಹೇಳಿದ್ದರ ಸಾರ ಇಷ್ಟು: ಮೇಲಿನ ಮಹಡಿಯಲ್ಲಿ ಅಮ್ಮನ ಕೋಣೆ, ನಾಳೆ ಮಧ್ಯಾಹ್ನಕ್ಕೆ ಅದು ಬೆಚ್ಚಗಿರಬೇಕು. "ಶೀತ ತಾಗಿದರೆ ಮತ್ತೆ ಆಸ್ಪತ್ರೆಗೆ ಬರಬೇಕಾಗುತ್ತದೆ, ಆದರೆ ಮತ್ತೆ ಮನೆಗೆ ಹೋಗುತ್ತಾರೆಂದು ಹೇಳಲಾರೆ ಅಂದಿದ್ದಾರೆ ಡಾಕ್ಟರು," ಎಂದರು. ಇಷ್ಟು ಹೇಳಿ ಮುಖ ತಿರುಗಿಸಿಕೊಂಡರು.

ಹಿಂದಿನ ಮೆಟ್ಟಿಲಿನಿಂದ ತಾರಸಿಗೆ ಹೋದೆ. ಮೇಲಿನ ಮಹಡಿಗೆಲ್ಲ ಸೇರಿ ಅಲ್ಲಿ ಒಂದೇ ದೊಡ್ಡ ಯಂತ್ರ. ಬೇಸಿಗೆಯಲ್ಲಿ ತಣ್ಣನೆಯ ಗಾಳಿಯನ್ನು ಕೋಣೆ ಕೋಣೆಗೆ ಒಯ್ಯುವ ಅದೇ ತಗಡಿನ ಡಕ್ಟು ಚಳಿಗಾಲದಲ್ಲಿ ಬಿಸಿ ಗಾಳಿಯನ್ನು ಒಯ್ಯುತ್ತದೆ. ಫ್ಯಾನಿನ ಮುಂದೆ ಸಾಲಾಗಿ ಹೀಟರ್ ಕಾಯಿಲುಗಳಿರುತ್ತವೆ, ಅವುಗಳ ಮೇಲೆ ಹಾಯ್ದು ಗಾಳಿ ಬಿಸಿಯಾಗುತ್ತದೆ. ಕರೆಂಟು ತೆಗೆದು, ಮೇನ್ ಸ್ವಿಚ್ಚಿಗೆ ನನ್ನ ಬೀಗ ಜಡಿದು, ಪ್ಯಾನೆಲ್ ಬಿಚ್ಚಿದೆ. ಕಾಯಿಲುಗಳ ಮೇಲೆ ಬರೀ ಧೂಳಲ್ಲ, ಜಿಗುಟಾದ ಕಂದು ಪದರ ಕೂತಿತ್ತು. ದಿನಾ ಬುಖೂರ್ ಧೂಪ ಹಾಕುವ ಮನೆಗಳಲ್ಲಿ ಅದರ ಎಣ್ಣೆಯಂಥ ಹೊಗೆ ಧೂಳಿನ ಜೊತೆ ಸೇರಿ ಹೀಗೆ ಅಂಟುತ್ತದೆ. ಮೆತ್ತಗಿನ ಬ್ರಷ್ಷಿನಿಂದ ಒಂದೊಂದೇ ಸುರುಳಿಯನ್ನು ಉಜ್ಜಿದೆ, ಬ್ಲೋವರ್ ಹಿಡಿದೆ. ಸಡಿಲವಾಗಿದ್ದ ಸ್ಕ್ರೂಗಳನ್ನು ಬಿಗಿದೆ. ಫಿಲ್ಟರುಗಳನ್ನು ತೊಳೆದು ಬಿಸಿಲಿಗಿಟ್ಟೆ. ಕಾಯಿಲಿನಿಂದ ತಗಡಿಗೆ ಕರೆಂಟು ಸೋರುತ್ತದೆಯೇ ಎಂದು ಮೆಗ್ಗರ್ ಮೀಟರ್ ಹಚ್ಚಿ ನೋಡಿದೆ. ಸೋರುತ್ತಿರಲಿಲ್ಲ.

ಆಗ ಕಣ್ಣಿಗೆ ಬಿತ್ತು ಒಂದು ಗೇಣು ಕೆಂಪು ವೈರು.

ಹೀಟರಿನ ಮೇಲೆ ಕಟೌಟ್ ಎಂಬ ಚಿಕ್ಕ ಗುಂಡಿ ಇರುತ್ತದೆ. ಗಾಳಿ ಕಡಿಮೆಯಾಗಿ ಕಾಯಿಲು ಮಿತಿಮೀರಿ ಕಾದರೆ ಅದು ಕರೆಂಟು ಕಡಿಯುತ್ತದೆ. ಮನೆಗೆ ಬೆಂಕಿ ಬೀಳದಂತೆ ಕಾಯುವುದು ಅದೇ. ನನಗಿಂತ ಮೊದಲು ಬಂದ ಯಾವನೋ ಪುಣ್ಯಾತ್ಮ ಅದರ ಎರಡು ಕಾಲುಗಳಿಗೆ ವೈರು ಕಟ್ಟಿ, ಅದು ಇದ್ದೂ ಇಲ್ಲದ ಹಾಗೆ ಮಾಡಿಟ್ಟಿದ್ದ. ಇದಕ್ಕೆ ನಮ್ಮಲ್ಲಿ ಜಂಪರ್ ಹಾಕುವುದು ಎನ್ನುತ್ತಾರೆ. ಹೀಟರ್ ಪದೇ ಪದೇ ಕಟ್ ಆಗುತ್ತಿದ್ದರೆ ಕಾರಣ ಹುಡುಕುವ ತಾಳ್ಮೆ ಇಲ್ಲದವರು ಮಾಡುವ ಕೆಲಸ. ಮೈಯೆಲ್ಲ ಉರಿದುಹೋಯಿತು. ತಾರಸಿಯ ಮೇಲೆ ಯಾರೂ ಇಲ್ಲದ್ದರಿಂದ ತುಳುವಿನಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಬೈದು, ವೈರು ಕಿತ್ತು ಕಿಸೆಗೆ ಹಾಕಿಕೊಂಡೆ.

ಕೆಳಗೆ ಕಿಟಕಿ ತೆರೆಸಿ ಹೀಟರ್ ಹಾಕಿದೆ. ಸುಟ್ಟ ವಾಸನೆ ಬಂತು, ಹೋಯಿತು. ಗಾಳಿ ಬೆಚ್ಚಗಾಗತೊಡಗಿತು. ಅಷ್ಟರಲ್ಲಿ ಟಕ್ಕೆಂದು ಕಟ್ ಆಯಿತು. ತಣಿಯಲು ಬಿಟ್ಟು ಮತ್ತೆ ಹಾಕಿದೆ, ಮತ್ತೆ ಟಕ್. ಮೂರನೆಯ ಸಲಕ್ಕೆ ಮಗ ತಾವೇ ಮೇಲೆ ಬಂದರು.

"ಹೋದ ವರ್ಷ ನಡೀತಿತ್ತು. ನೀನು ಕೈ ಹಾಕಿದ ಮೇಲೆ ಹಾಳಾಯ್ತು," ಎಂದರು.

ಕಿಸೆಯಿಂದ ವೈರು ತೆಗೆದು ತೋರಿಸಿ ವಿಷಯ ಹೇಳಿದೆ. ಅವರು ಅದನ್ನು ನೋಡಿದರೇ ವಿನಾ ಮುಟ್ಟಲಿಲ್ಲ.

"ನನಗೆ ಅದೆಲ್ಲ ಗೊತ್ತಿಲ್ಲ. ನಾಳೆ ಬಿಸಿ ಉಂಟೋ ಇಲ್ಲವೋ? ಇಲ್ಲದಿದ್ದರೆ ಖಲಾಸ್, ಹೇಳಿಬಿಡು. ದುವ್ವಾ ಇಡ್ತೇವೆ."

ದುವ್ವಾ ಎಂದರೆ ಇದ್ದಿಲ ಕೆಂಡ ತುಂಬಿಸಿಡುವ ಲೋಹದ ಅಗ್ಗಿಷ್ಟಿಕೆ. ಚಳಿಗಾಲದಲ್ಲಿ ಅಂಗಳದಲ್ಲೋ ಮರುಭೂಮಿಯ ಡೇರೆಯ ಬಾಗಿಲಲ್ಲೋ ಅದರ ಸುತ್ತ ಕೂತು, ಚಹಾದ ಕೆಟಲ್ ಇಟ್ಟು ಹರಟುವುದು ಇಲ್ಲಿನವರಿಗೆ ಬಹಳ ಇಷ್ಟ. ಹೊರಗಿದ್ದರೆ ತೊಂದರೆಯಿಲ್ಲ. ಮುಚ್ಚಿದ ಕೋಣೆಗೆ ತಂದರೆ ಅದರ ಗ್ಯಾಸು ಜೀವ ತೆಗೆಯುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕೆಲವು ಚಳಿಗಾಲಗಳ ಹಿಂದೆ ವಫ್ರಾದ ಒಂದು ತೋಟಕ್ಕೆ ಹಸಿರುಮನೆಯ ಫ್ಯಾನ್ ರಿಪೇರಿಗೆ ಹೋದ ಬೆಳಗ್ಗೆ, ಕೆಲಸಗಾರರ ಕ್ಯಾಬಿನ್ನಿನಿಂದ ಇಬ್ಬರನ್ನು ಹೊರಗೆ ತಂದು ಮಲಗಿಸಿದ್ದನ್ನು ಕಂಡಿದ್ದೆ. ಒಳಗೆ ತಗಡಿನ ತಟ್ಟೆಯಲ್ಲಿ ಇದ್ದಿಲು ಬೂದಿಯಾಗಿತ್ತು. ಇಬ್ಬರ ಮುಖವೂ ಕೆಂಪಗೆ, ಮಲಗಿ ನಿದ್ರಿಸುವವರ ಹಾಗೇ ಇತ್ತು. ಅವರ ಜೊತೆಗಾರನೊಬ್ಬ ಒಬ್ಬನ ಕೆನ್ನೆ ತಟ್ಟಿ ತಟ್ಟಿ ಎಬ್ಬಿಸುತ್ತಲೇ ಇದ್ದ. ಅಂದಿನಿಂದ ಒಳಗೆ ಇದ್ದಿಲು ಎಂದು ಯಾರಾದರೂ ಅಂದರೆ ನನಗೆ ನಿಜಕ್ಕೂ ಹೆದರಿಕೆಯಾಗುತ್ತದೆ.

ಮಗನಿಗೆ ಇದನ್ನು ಹೇಳಿದೆ. "ನಾವು ಹುಟ್ಟಿದಾಗಿನಿಂದ ದುವ್ವಾ ನೋಡಿದವರು," ಎಂದು ಕೆಳಗಿಳಿದು ಹೋದರು.

ನಮ್ಮ ಫೋರ್‌ಮನ್ನಿಗೆ ಫೋನ್ ಮಾಡಿದೆ. ಅವನಿಗೆ ಅಂದು ಇನ್ನೂ ನಾಲ್ಕು ಮನೆಗೆ ಜನ ಕಳಿಸುವುದಿತ್ತು. "ಅರೆ ಭಾಯಿ, ಜಂಪರ್ ವಾಪಸ್ ಹಾಕು, ಇಷ್ಟು ವರ್ಷ ಏನಾಗಿದೆ? ಚಲೋ, ಅಲ್ಲಿಂದ ಹೊರಡು," ಎಂದ. ನಾನು ಏನನ್ನೂ ಒಪ್ಪಿಕೊಳ್ಳದೆ ಫೋನಿಟ್ಟೆ.

ಮೆಟ್ಟಿಲಿನ ಬಾಗಿಲಲ್ಲಿ ಹೋಂ ನರ್ಸ್ ನಿಂತಿದ್ದರು. ಉಡುಪಿ ಕಡೆಯ ಕ್ರಿಶ್ಚಿಯನ್ ಹೆಂಗಸು. ಮನೆಮಾತು ಕೊಂಕಣಿ, ನನ್ನದು ತುಳು. ಬೆಳಗ್ಗೆ ನನ್ನ ಹಿಂದಿ ಕೇಳಿಯೇ ಊರು ಗುರುತಿಸಿ, ಕನ್ನಡದಲ್ಲಿ ಚಾ ಬೇಕಾ ಎಂದು ಕೇಳಿದವರು. ಎರಡು ವರ್ಷದಿಂದ ಯಜಮಾನಿಯ ಕೋಣೆಯಲ್ಲೇ ಕೆಳಗೆ ಹಾಸಿಗೆ ಹಾಕಿ ಮಲಗುತ್ತಾರೆ. ಇಲ್ಲಿ ಮನೆಕೆಲಸದವರೆಲ್ಲ ಕರೆಯುವ ಹಾಗೆ ಅವರೂ ಯಜಮಾನಿಯನ್ನು ಮಾಮಾ, ಅಂದರೆ ಅಮ್ಮ, ಎನ್ನುತ್ತಾರೆ.

"ಅಣ್ಣ, ಆಗ್ಲಿಲ್ವಾ?" ಎಂದರು.

"ಇಲ್ಲ ಸಿಸ್ಟರ್. ಹೋದ ಚಳಿಗೆ ಹೇಗಿತ್ತು ಇಲ್ಲಿ?"

"ಎಂತ ಹೇಳುವುದು ಮಾರಾಯ್ರೆ. ಒಮ್ಮೆ ಸುಟ್ಟ ವಾಸನೆ, ಒಮ್ಮೆ ತಣ್ಣಗೆ. ಕೊನೆಗೆ ಮಾಮಾ ದುವ್ವಾ ತರಿಸಿದ್ರು. ಅದರ ಗ್ಯಾಸ್ ಎಂತ ಮಾಡ್ತದೆ ಅಂತ ನನಗೆ ಗೊತ್ತುಂಟು. ನಾನು ಕಿಟಕಿ ತೆರೆಯುವುದು, ಅವರು ಮುಚ್ಚಿಸುವುದು. ಅವರಿಗೆ ನಿದ್ದೆ ಬಂದ ಮೇಲೆ ಪುನಃ ತೆರೆಯುವುದು. ಹಾಗೆ ಕೂತೇ ಚಳಿ ಕಳೆದದ್ದು. ಈ ಸಲ ಕಿಟಕಿ ತೆರೆದ್ರೆ ಅವರ ಎದೆಗೆ ಆಗುದಿಲ್ಲ. ಮುಚ್ಚಿದ್ರೆ ಇಬ್ಬರಿಗೂ ಆಗುದಿಲ್ಲ. ಆಕ್ಸಿಜನ್ ಮೆಷಿನ್ ಬೇರೆ ಬರ್ತದೆ, ಅದರ ಹತ್ರ ಬೆಂಕಿ. ನಾನೇ ಒಂದು ಘಳಿಗೆ ಕಣ್ಣು ಮುಚ್ಚಿದ್ರೆ ಎಂತ ಗತಿ ಅಣ್ಣ?"

ನನಗೆ ಆಗ ಅರ್ಥವಾದದ್ದು ಇದು: ಜಂಪರ್ ಹಾಕಿದರೆ ಡಕ್ಟಿಗೆ ಬೆಂಕಿ ಬೀಳಬಹುದು. ಹಾಕದೆ ಕೈತೊಳೆದುಕೊಂಡು ಹೊರಟರೆ, ನನ್ನ ಕೆಲಸ ನಿಯಮದ ಪ್ರಕಾರ ಸರಿ, ಆದರೆ ಈ ಇಬ್ಬರು ಕೆಂಡದ ಪಕ್ಕ ಮಲಗುತ್ತಾರೆ. ಎರಡೂ ಮಾಡುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ. ಕಾರಣ ಸಿಗುವವರೆಗೆ ಆ ತಾರಸಿಯಿಂದ ಇಳಿಯುವುದಿಲ್ಲ. ಫೋರ್‌ಮನ್ ಕರೆದರೆ ಕರೆಯಲಿ ಎಂದು ಫೋನಿನ ಸದ್ದು ನಿಲ್ಲಿಸಿದೆ.

ಕಟೌಟ್ ಕೆಟ್ಟಿರಬಹುದೆಂದು ಹೊಸದು ಹಾಕಿ ನೋಡಿದೆ. ಅದೂ ಕಡಿಯಿತು. ಫ್ಯಾನಿನ ಬೆಲ್ಟು ಬಿಗಿಯಾಗಿಯೇ ಇತ್ತು. ಫ್ಯಾನ್ ತಿರುಗುವ ದಿಕ್ಕು ಸರಿಯಿತ್ತು. ಫಿಲ್ಟರ್ ತೆಗೆದಿಟ್ಟು ಓಡಿಸಿದರೂ ಅದೇ ಕತೆ. ಯಂತ್ರದಲ್ಲಿ ತಪ್ಪಿಲ್ಲ. ಮತ್ತೆ ಸುತ್ತು ಬರುವಾಗ ಸುಮ್ಮನೆ ಕ್ಯಾನ್ವಾಸಿನ ಮೇಲೆ ಅಂಗೈ ಇಟ್ಟೆ. ಯಂತ್ರದ ನಡುಕ ಡಕ್ಟಿಗೆ ತಾಗದಿರಲೆಂದು ಎರಡರ ನಡುವೆ ದಪ್ಪ ಬಟ್ಟೆಯ ಪಟ್ಟಿ ಕಟ್ಟಿರುತ್ತಾರೆ. ಅದು ಚೆಂಡೆಯ ಹಾಗೆ ಬಿಗಿದುಕೊಂಡಿತ್ತು. ಫ್ಯಾನ್ ಗಾಳಿಯನ್ನು ತಳ್ಳುತ್ತಿದೆ, ಗಾಳಿಗೆ ಹೋಗಲು ಜಾಗವಿಲ್ಲ. ತಡೆ ಇರುವುದು ಒಳಗೆ, ಕೋಣೆಗಳಲ್ಲಿ.

ಇದನ್ನು ಇಷ್ಟು ವರ್ಷ ಯಾರೂ ಯಾಕೆ ಕಂಡಿರಲಿಲ್ಲ ಎಂದರೆ, ಇಲ್ಲಿ ಒಂದು ಪದ್ಧತಿ ಉಂಟು. ಮನೆಯೊಳಗೆ ಕಾಲಿಡುವ ಮೊದಲು ಗಂಡಸರು ಗಟ್ಟಿಯಾಗಿ "ಯಾ ಅಲ್ಲಾ" ಎಂದು ಕೂಗಬೇಕು. ಹೆಂಗಸರು ಮರೆಗೆ ಸರಿಯಲು ಅದು ಸೂಚನೆ. ಹೆಂಗಸರ ಮಲಗುವ ಕೋಣೆಗಳಿರುವ ಮಹಡಿಗಂತೂ ಕೆಲಸದವರನ್ನು ಬಿಡುವುದೇ ಇಲ್ಲ. ಅದಕ್ಕೇ ಹಿಂದಿನ ಮೆಟ್ಟಿಲು. ಬಂದ ಮೆಕ್ಯಾನಿಕ್ಕುಗಳೆಲ್ಲ ನೇರ ತಾರಸಿ ಹತ್ತಿ, ನೇರ ಇಳಿದು ಹೋಗಿದ್ದಾರೆ. ಅವರು ರಿಪೇರಿ ಮಾಡಿದ ಗಾಳಿ ಎಲ್ಲಿಗೆ ತಲುಪುತ್ತದೆ ಎಂದು ಒಬ್ಬನೂ ನೋಡಿರಲಿಲ್ಲ.

ಸಿಸ್ಟರ್ ಜೊತೆ ಕೆಳಗೆ ಹೋಗಿ, ಮೇಲಿನ ಎಲ್ಲ ಕೋಣೆಗಳನ್ನೂ ನೋಡಬೇಕೆಂದು ಮಗನಿಗೆ ಹೇಳಿದೆ. ಅವರು ಅಂಗಳದಲ್ಲಿ ನಿಂತು ಡ್ರೈವರ್ ಕೈಯಲ್ಲಿ ಇದ್ದಿಲಿನ ಚೀಲ ಬಿಚ್ಚಿಸುತ್ತಿದ್ದರು.

"ಅಮ್ಮ ಇಲ್ಲದಾಗ ಆ ಕೋಣೆಗಳಿಗೆ ಯಾರೂ ಹೋಗುವುದಿಲ್ಲ. ನನ್ನ ತಂಗಿಯರ ಕೋಣೆಗಳು ಅವು. ಮದುವೆಯಾಗಿ ಹೋದರೂ ಅವರವೇ. ನಾನೂ ಹೋಗುವುದಿಲ್ಲ, ನೀನಂತೂ ಸಾಧ್ಯವೇ ಇಲ್ಲ," ಎಂದರು.

"ಸರ್, ನಾನು ಹೋಗಬೇಕಾಗಿಲ್ಲ. ಸಿಸ್ಟರ್ ಹೋದರೆ ಸಾಕು. ನಾನು ಮೇಲಿನಿಂದ ಫೋನಿನಲ್ಲಿ ಹೇಳ್ತೇನೆ."

ಅವರು ಸಿಸ್ಟರನ್ನು ನೋಡಿದರು. ಕೀಗೊಂಚಲು ಯಜಮಾನಿ ಅವರ ಕೈಗೇ ಕೊಟ್ಟು ಹೋಗಿದ್ದರು. ಮಗ ಒಪ್ಪಿ ತಲೆಯಾಡಿಸಿದರು.

ಹಾಗೆ ನಮ್ಮ ಕೆಲಸ ಶುರುವಾಯಿತು. ನಾನು ತಾರಸಿಯಲ್ಲಿ ಒಂದು ಕೈ ಕ್ಯಾನ್ವಾಸಿನ ಮೇಲಿಟ್ಟು, ಇನ್ನೊಂದರಲ್ಲಿ ಫೋನ್ ಹಿಡಿದು ನಿಂತೆ. ಮೊದಲು ಯಜಮಾನಿಯ ಕೋಣೆ. ಟಿಶ್ಯೂ ಪೇಪರನ್ನು ಛಾವಣಿಯ ಜಾಲರಿಯ ಹತ್ತಿರ ಹಿಡಿಯಲು ಹೇಳಿದೆ.

"ಹಾರ್ತದೆ ಅಣ್ಣ. ಜೋರಾಗಿಯೇ ಹಾರ್ತದೆ."

ಎರಡನೆಯ ಕೋಣೆಯ ಬೀಗ ತೆಗೆದ ಸದ್ದು ಕೇಳಿತು.

"ಇಲ್ಲಿ ಪೇಪರ್ ಅಲ್ಲಾಡುದೇ ಇಲ್ಲ."

"ಸ್ಟೂಲ್ ಹತ್ತಿ ಜಾಲರಿಯನ್ನು ಸರಿಯಾಗಿ ನೋಡಿ ಸಿಸ್ಟರ್. ಬೀಳಬೇಡಿ ಮಾತ್ರ."

"ನನ್ನ ತೂಕಕ್ಕೆ ಸ್ಟೂಲೇ ಬೀಳ್ಬೇಕು," ಎಂದರು. ಸ್ಟೂಲ್ ಎಳೆದ ಸದ್ದು. "ಅಯ್ಯೋ ದೇವಾ! ಜಾಲರಿಗೆ ಇಡೀ ಪ್ಲಾಸ್ಟಿಕ್ ಹಾಕಿ ಬಿಳಿ ಟೇಪ್ ಹೊಡೆದಿದ್ದಾರೆ ಮಾರಾಯ್ರೆ. ಮೇಲಿನಿಂದ ಪೇಂಟ್ ಸಹ ಮಾಡಿದ್ದಾರೆ. ಕೆಳಗಿಂದ ನೋಡಿದ್ರೆ ಗೊತ್ತೇ ಆಗುದಿಲ್ಲ."

"ತೆಗೀರಿ. ನಿಧಾನ."

ಟೇಪಿನ ಜೊತೆ ವರ್ಷಗಳ ಧೂಳೂ ಅವರ ಮುಖಕ್ಕೆ ಸುರಿಯಿತೆಂದು ಕಾಣುತ್ತದೆ. ಒಂದೇ ಸಮ ಸೀನಿದರು. ನನ್ನ ಅಂಗೈ ಕೆಳಗೆ ಕ್ಯಾನ್ವಾಸು ಒಂದಿಷ್ಟು ಸಡಿಲವಾಯಿತು. ಆ ಹೊತ್ತು ನನಗಾದ ಖುಷಿ ಹೇಳತೀರದು. ಮೂರನೆಯ ಕೋಣೆ, ನಾಲ್ಕನೆಯ ಕೋಣೆ, ಅವುಗಳಲ್ಲೂ ಅದೇ ಪ್ಲಾಸ್ಟಿಕ್, ಅದೇ ಟೇಪ್. ಒಂದೊಂದು ಕಿತ್ತಾಗಲೂ ಬಟ್ಟೆ ಇಳಿಯುತ್ತ ಬಂತು.

ಹೀಟರ್ ಹಾಕಿದೆ. ಈ ಸಲ ಬಹಳ ಹೊತ್ತು ನಿಂತಿತು. ಗೆದ್ದೆವು ಅಂದುಕೊಳ್ಳುವಾಗ ಟಕ್ ಎಂದಿತು.

"ಇನ್ನೂ ಕೋಣೆ ಉಂಟಾ ಸಿಸ್ಟರ್?"

ಗೊಂಚಲಿನ ಕೀಗಳು ಒಂದಕ್ಕೊಂದು ತಾಗುವ ಸದ್ದು ಕೇಳಿತು.

"ಒಂದು ಉಂಟು. ಕೊನೆಯದ್ದು, ದೊಡ್ಡದು," ಎಂದರು. "ಅದು ಮಾತ್ರ ನನ್ನಿಂದ ಆಗುದಿಲ್ಲ ಅಣ್ಣ."

ಅದು ಮನೆಯ ಕಿರಿಯ ಮಗನ ಕೋಣೆ. ಹೆದ್ದಾರಿಯಲ್ಲಿ ಕಾರು ಮಗುಚಿ ತೀರಿಕೊಂಡಿದ್ದ. ಮದುವೆ ಗೊತ್ತಾಗಿತ್ತಂತೆ. ಯಜಮಾನಿ ದಿನಾ ಬೆಳಗ್ಗೆ ಬೀಗ ತೆಗೆದು ಒಳಗೆ ಹೋಗಿ, ಬಾಗಿಲು ಹಾಕಿಕೊಂಡು ಕೂತು ಬರುತ್ತಾರೆ. ಅವನ ಬಟ್ಟೆಗಳನ್ನು ಒಗೆಯಲು ಬಿಟ್ಟಿಲ್ಲ. "ಮೊದಲು ಟೇಪ್ ಹೊಡೆಸಿದ್ದು ಆ ಕೋಣೆಗೇ ಅಂತೆ," ಎಂದರು ಸಿಸ್ಟರ್. "ಎಸಿ ಹಾಕಿದ್ರೆ ಅವನ ವಾಸನೆ ಹೋಗಿಬಿಡ್ತದೆ ಅಂತ. ಮತ್ತೆ ಉಳಿದ ಖಾಲಿ ಕೋಣೆಗಳಿಗೂ ಹೊಡೆಸಿದ್ರು, ಅಲ್ಲಿಗೆ ಗಾಳಿ ದಂಡ ಅಂತ. ಮಾಮಾ ನನ್ನ ಕೈಗೆ ಕೀ ಕೊಡುವಾಗ ಅದೊಂದು ಬಾಗಿಲು ತೆಗೀಬೇಡ ಅಂದಿದ್ದಾರೆ. ನಾನು ಆಯ್ತು ಅಂದಿದ್ದೇನೆ."

ತೆಗೀರಿ ಎಂದು ನಾನು ಹೇಳಲಿಲ್ಲ. ನನ್ನ ಅಮ್ಮ ತೀರಿಕೊಂಡ ಮೇಲೆ ಅವರ ಒಂದು ಸೀರೆಯನ್ನು ನನ್ನ ಹೆಂಡತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದಾಳೆ, ಯಾಕೆಂದು ನಾನು ಕೇಳಿಲ್ಲ.

ಮತ್ತೆ ಕೆಳಗಿಳಿದೆ, ಸಿಸ್ಟರ್ ಸಹ ಬಂದರು. ಮಗನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೇರೆ ದಾರಿಯೂ ಉಂಟು: ಕಾಯಿಲಿನ ಒಂದು ಸಾಲನ್ನು ಪೂರ್ತಿ ಬಿಡಿಸಿದರೆ ಹೀಟರ್ ಕಟ್ ಆಗುವುದಿಲ್ಲ, ಆದರೆ ಬಿಸಿ ಕಡಿಮೆ. ಈಗ ಸಾಕಾದೀತು, ಜನವರಿಯಲ್ಲಿ ಸಾಲದು. ಸಾಲದ ದಿನ ಮತ್ತೆ ದುವ್ವಾ ಒಳಗೆ ಬರುತ್ತದೆ.

ಅವರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ಅಂಗಳದ ಕಟ್ಟೆಯ ಮೇಲೆ ಕೂತುಬಿಟ್ಟರು.

"ಅವನು ಹೋದ ಮೇಲೆ ನಾನು ಆ ಬಾಗಿಲು ದಾಟಿಲ್ಲ," ಎಂದರು. ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ ತಿಳಿಯಲಿಲ್ಲ. ಆಮೇಲೆ ಎದ್ದು, ಸಿಸ್ಟರ್ ಮುಂದೆ ಕೈ ಚಾಚಿ ಕೀ ಇಸಿದುಕೊಂಡರು. "ಅಮ್ಮನಿಗೆ ನೀನು ತೆಗೆದೆ ಎಂದು ಹೇಳುವುದಿಲ್ಲ. ನಾನು ತೆಗೆದೆ," ಎಂದು ಅವರಿಗೆ ಹೇಳಿ ಮೆಟ್ಟಿಲು ಹತ್ತಿದರು.

ನಾನು ತಾರಸಿಗೆ ಹೋಗಿ ಕ್ಯಾನ್ವಾಸಿನ ಮೇಲೆ ಕೈಯಿಟ್ಟು ನಿಂತೆ. ಏನೂ ಆಗಲಿಲ್ಲ. ಮನಸ್ಸು ಬದಲಿಸಿದರೇನೋ, ಬದಲಿಸಿದ್ದರೆ ಅವರನ್ನು ದೂರುವ ಹಾಗಿಲ್ಲ ಎಂದುಕೊಂಡೆ. ಹಾಗೆ ಎಷ್ಟು ಹೊತ್ತು ಕಳೆಯಿತೋ. ಬಟ್ಟೆ ಅಂಗೈ ಕೆಳಗಿಂದ ಮೆಲ್ಲನೆ ಜಾರಿ ಒಳಗಿಳಿಯಿತು. ಫ್ಯಾನಿನ ಗೊರಗೊರ ನಿಂತು ಸದ್ದು ಮೆತ್ತಗಾಯಿತು. ಹೀಟರ್ ಹಾಕಿದೆ. ಮೂರೂ ಫೇಸಿನಲ್ಲಿ ಕರೆಂಟು ಒಂದೇ ಸಮ ತೋರಿಸಿತು. ಪಕ್ಕದ ಮಸೀದಿಯಲ್ಲಿ ಇಳಿಹೊತ್ತಿನ ಅಸರ್ ಬಾಂಗ್ ಆಯಿತು, ನಮಾಜು ಮುಗಿದು ಜನ ಹೊರಗೆ ಬಂದರು, ಕಟೌಟ್ ಕಡಿಯಲಿಲ್ಲ. ನಾನು ಸಾಮಾನು ಕಟ್ಟಿ ಇಳಿಯುವವರೆಗೂ ಮಗ ಆ ಕೋಣೆಯಿಂದ ಹೊರಗೆ ಬಂದಿರಲಿಲ್ಲ.

ಮರುದಿನ ಸಂಜೆಗೆ ಮುಂಚೆ ಮಗನೇ ಫೋನ್ ಮಾಡಿದರು. "ಬಾ. ಅಮ್ಮ ಕರೀತಿದ್ದಾರೆ," ಎಂದಷ್ಟೇ ಹೇಳಿದರು. ಹೀಟರ್ ಮತ್ತೆ ಕಟ್ ಆಯಿತೋ ಎಂದು ಟೂಲ್ ಬ್ಯಾಗ್ ಹಿಡಿದೇ ಹೋದೆ. ಅವರು ಮುಂದಿನಿಂದ ಯಾ ಅಲ್ಲಾ ಎಂದು ಕೂಗುತ್ತ ಮೇಲಿನ ಮಹಡಿಗೆ ಕರೆದುಕೊಂಡು ಹೋದರು.

ಕೋಣೆ ಬೆಚ್ಚಗಿತ್ತು. ಯಜಮಾನಿ ದಿಂಬಿಗೆ ಒರಗಿ ಕೂತಿದ್ದರು, ಮೂಗಿಗೆ ಆಕ್ಸಿಜನ್ ನಳಿಗೆ. ಅಷ್ಟಾದರೂ ಹಾಸಿಗೆಯಿಂದ ಸ್ವಲ್ಪ ದೂರದಲ್ಲಿ ದುವ್ವಾ ಇತ್ತು, ಕೆಂಡ ಹೊತ್ತಿಕೊಳ್ಳುತ್ತಿತ್ತು. ಅವರೇ ಹಟ ಹಿಡಿದು ತರಿಸಿದ್ದರು. ಟೇಪ್ ಕಿತ್ತದ್ದು ಗೊತ್ತಾಗಿತ್ತು. ಬಂದ ಕೂಡಲೇ ಆ ಕೋಣೆಗೆ ಹೋಗಿ ನೋಡಿದ್ದರಂತೆ. ಅದನ್ನು ಮತ್ತೆ ಮುಚ್ಚು, ನನಗೆ ನಿನ್ನ ಯಂತ್ರ ಬೇಡ, ಕೆಂಡ ಸಾಕು ಎಂದು ಹೇಳುವುದಕ್ಕೇ ನನ್ನನ್ನು ಕರೆಸಿದ್ದು. ಮಗ ತಲೆ ತಗ್ಗಿಸಿ ನಿಂತಿದ್ದರು. ಸಿಸ್ಟರ್ ಟವೆಲ್ ಹಿಡಿದು ಕಿಟಕಿಯ ಹತ್ತಿರ ನಿಂತಿದ್ದರು.

ನನ್ನ ಅರಬ್ಬಿ ಕೆಲಸದ ಅರಬ್ಬಿ. ಅದರಲ್ಲಿ ಸಮಾಧಾನದ ಮಾತುಗಳಿಲ್ಲ.

ಅವರು ಛಾವಣಿಯ ಜಾಲರಿಯ ಕಡೆಗೆ ಕೈ ತೋರಿಸಿ ಕೇಳಿದರು. "ಇಲ್ಲಿ ಬರುವ ಈ ಗಾಳಿ, ಎಲ್ಲಿಯದು ಇದು?"

ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಹೊರಗಿನದಲ್ಲ ಮಾಮಾ, ಮನೆಯದೇ. ಹಜಾರದ ಛಾವಣಿಯಲ್ಲಿ ದೊಡ್ಡ ಜಾಲರಿ ಉಂಟು. ಎಲ್ಲ ಕೋಣೆಗಳ ಗಾಳಿ ಬಾಗಿಲಿನ ಸಂದಿಯಿಂದ ಅಲ್ಲಿಗೆ ಬರುತ್ತದೆ, ಮೇಲೆ ಹೋಗಿ ಬಿಸಿಯಾಗಿ ಪುನಃ ಎಲ್ಲ ಕೋಣೆಗೂ ಹೋಗುತ್ತದೆ. ಅದೇ ಗಾಳಿ ಸುತ್ತುತ್ತಿರುತ್ತದೆ.

"ಎಲ್ಲ ಕೋಣೆಯದಾ?"

"ಹೌದು ಮಾಮಾ."

"ಅವನ ಕೋಣೆಯದೂ?"

"ಅವನ ಕೋಣೆಯದೂ," ಎಂದೆ. "ಮೊದಲು ಬರುತ್ತಿರಲಿಲ್ಲ. ನಿನ್ನೆಯಿಂದ ಬರುತ್ತದೆ."

ಅವರು ಮುಖವನ್ನು ಮೇಲಕ್ಕೆತ್ತಿದರು. ಕಣ್ಣು ಮುಚ್ಚಿ, ನಳಿಗೆ ಇದ್ದ ಮೂಗಿನಿಂದಲೇ ಎಳೆಯಬಲ್ಲಷ್ಟು ಉಸಿರು ಎಳೆದುಕೊಂಡರು. ಎಷ್ಟು ದಿನ ಬರುತ್ತದೆ ಎಂದು ಕೇಳುತ್ತಾರೇನೋ ಎಂದು ನಾನು ಹೆದರಿದ್ದೆ. ಕೇಳಲಿಲ್ಲ. ಬಹಳ ಹೊತ್ತಾದ ಮೇಲೆ ಕಣ್ಣು ತೆರೆದು ದುವ್ವಾದ ಕಡೆ ಬೆರಳು ತೋರಿಸಿದರು.

"ಇದನ್ನು ಹೊರಗೆ ಒಯ್ಯಿರಿ. ಇದರ ಹೊಗೆ ಆ ಗಾಳಿಗೆ ಸೇರಬಾರದು."

ಮಗ ತಲೆಯೆತ್ತುವ ಮೊದಲೇ ಸಿಸ್ಟರ್ ಟವೆಲ್ ಸುತ್ತಿದ ಕೈಗಳಲ್ಲಿ ಅದನ್ನು ಎತ್ತಿಕೊಂಡು ಬಾಗಿಲು ದಾಟಿಯಾಗಿತ್ತು.